ಬೀಗ ಹಾಕುವವರಿಗೆಲ್ಲ ಬೀಗ ಮಾಡಲು ಬರಬೇಕೇ?

ಕಳೆದ ತಿಂಗಳು ಇದೇ ಅಂಕಣದಲ್ಲಿ ಒಂದು ಮಾತು ಬರೆದಿದ್ದೆ: ಖಾಸಗಿತನ ಕಾಯುವ ಫೋನು ಬೇಕು ನಿಜ, ಆದರೆ ದಿನ ಬೆಳಗಾದರೆ ನಾವೇ ಅದರ ಸೇವೆಗೆ ನಿಲ್ಲಬೇಕಾದ ಫೋನು ಬೇಡ. ಬೈಗುಳ ಎರಡೂ ಕಡೆಯಿಂದ ಬಂತು. ‘ಖಾಸಗಿತನವೇ ಒಂದು ಹುಚ್ಚು’ ಎಂದವರು ಕೆಲವರು. ‘ನಿಮ್ಮ ಹುಚ್ಚು ಸಾಲದು’ ಎಂದವರು ಇನ್ನು ಕೆಲವರು. ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

ಒಂದು: ‘ಮುಚ್ಚಿಡುವಂಥದ್ದು ನನ್ನ ಬಳಿ ಏನಿದೆ?’

ಸಾಲದ ಆಪ್‌ಗಳಿಂದ ಐದೋ ಹತ್ತೋ ಸಾವಿರ ಪಡೆದವರೂ ಏನನ್ನೂ ಮುಚ್ಚಿಟ್ಟವರಲ್ಲ. ಕಂತು ತಡವಾದಾಗ ಆ ಆಪ್‌ನವರ ಫೋನು ಹೋದದ್ದು ಬೀಗರಿಗೆ, ಮೇಲಧಿಕಾರಿಗೆ, ಪಕ್ಕದ ಮನೆಯವರಿಗೆ. ಸಾಲ ಕೊಡುವಾಗಲೇ ಸಂಪರ್ಕ ಪಟ್ಟಿಯನ್ನು ಎತ್ತಿಟ್ಟುಕೊಂಡಿದ್ದರು. ಈ ಹಾವಳಿ ಮಿತಿಮೀರಿದ ಮೇಲೆ, 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್, ಸಾಲದ ಆಪ್‌ಗಳು ಸಂಪರ್ಕ ಪಟ್ಟಿ, ಕರೆಗಳ ವಿವರ, ಫೋಟೊಗಳಿಗೆ ಕೈಹಾಕಕೂಡದೆಂದು ಸೂಚಿಸಬೇಕಾಯಿತು. ಆ ಪಟ್ಟಿ ನಿಮ್ಮೊಬ್ಬರದೂ ಅಲ್ಲ. ಅದರಲ್ಲಿರುವ ನೂರಾರು ಜನರನ್ನು ಯಾರೂ ಕೇಳಿರಲಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಆ ಹಿರಿಯರು ಏನನ್ನೋ ಮುಚ್ಚಿಡುವುದಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಿದರೇ?

ಎರಡು: ‘ಎಲ್ಲ ಆಗಲೇ ಸೋರಿಹೋಗಿದೆ, ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಏನು ಫಲ?’

ಗಾದೆ ಚೆನ್ನಾಗಿದೆ, ಆದರೆ ಇಲ್ಲಿಗೆ ಒಗ್ಗದು. ಈ ಊರು ಒಂದೇ ಸಲ ಸೂರೆಯಾಗುವುದಲ್ಲ. ದಿನವೂ ಫಸಲು ಬರುತ್ತದೆ. ನಾಳೆ ನೀವು ಯಾವ ಆಸ್ಪತ್ರೆಗೆ ಹೋಗುತ್ತೀರಿ ಎಂಬುದು ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ತಕರಾರು ಎತ್ತಿದರೆ ಬಾಗಿಲು ಮುಚ್ಚುವುದೂ ಉಂಟು: ಹೊಸ ಫೋನುಗಳಲ್ಲೆಲ್ಲ ಸರ್ಕಾರದ ಸಂಚಾರ ಸಾಥಿ ಆಪ್ ಮೊದಲೇ ಇರಬೇಕೆಂದು 2025ರ ನವೆಂಬರ್ ಕೊನೆಯಲ್ಲಿ ಹೊರಟ ಕೇಂದ್ರದ ಆದೇಶ, ವಿರೋಧ ಎದ್ದ ಮೇಲೆ ಡಿಸೆಂಬರ್ 3ರಂದು ಹಿಂದಕ್ಕೆ ಹೋಯಿತು.

ಮೂರು: ‘ಗೂಗಲ್‌ನಿಂದ ತಪ್ಪಿಸಿಕೊಳ್ಳಲು ಗೂಗಲ್ಲಿನದೇ ಫೋನು ಕೊಳ್ಳಿ ಎನ್ನುತ್ತೀರಲ್ಲ!’

ನಗು ಬರುವ ಮಾತೇ. ಆದರೂ ನಾನು ಆಂಡ್ರಾಯ್ಡನ್ನೇ ಆಧರಿಸಿ ಖಾಸಗಿತನಕ್ಕೆ ಒತ್ತು ಕೊಟ್ಟ ಗ್ರ್ಯಾಫೀನ್ ಓಎಸ್ ಹಾಕಿದ, ಗೂಗಲ್ಲಿನ ಪಿಕ್ಸೆಲ್ ಫೋನನ್ನು ಹೇಳಿದ್ದಕ್ಕೆ ಕಾರಣವಿದೆ. ಫೋನಿನಲ್ಲಿ ಬೇರೆ ಓಎಸ್ ಕೂರಿಸಲು, ಫೋನು ಆನ್ ಆದಾಗ ಓಎಸ್ ಅನ್ನು ಎಬ್ಬಿಸುವ ಬೂಟ್‌ಲೋಡರ್‌ನ ಬೀಗ ತೆಗೆಯಬೇಕು. ಹೆಚ್ಚಿನ ಫೋನುಗಳಲ್ಲಿ ಆಮೇಲೆ ಅದನ್ನು ಮತ್ತೆ ಹಾಕಲಾಗದು. ಹಿಂಬಾಗಿಲು ತೆರೆದೇ ಉಳಿಯುತ್ತದೆ. ಪಿಕ್ಸೆಲ್‌ನಲ್ಲಿ ಹೊಸ ಓಎಸ್ ಕೂರಿಸಿದ ಮೇಲೂ ಬೀಗ ಹಾಕಬಹುದು. ಗ್ರ್ಯಾಫೀನನ್ನು ಬ್ರೌಸರಿನಿಂದಲೇ ಕೂರಿಸಬಹುದು. ಅಪ್‌ಡೇಟ್‌ಗಳು ತಾವಾಗಿಯೇ ಇಳಿಯುತ್ತವೆ. 2023ರ ಪಿಕ್ಸೆಲ್ 8ರಿಂದೀಚೆಗೆ ಏಳು ವರ್ಷ ಭದ್ರತಾ ಅಪ್‌ಡೇಟಿನ ಭರವಸೆಯೂ ಇದೆ. ಕಬ್ಬಿಣ ಮಾರಿದವನ ಮೇಲೆ ಕೋಪವಿದ್ದರೂ ಗಟ್ಟಿ ಬೀಗ ಗಟ್ಟಿ ಬೀಗವೇ.

‘ಹಾಗಾದರೆ ಐಫೋನ್ ಸಾಲದೇ?’ ಎಂದು ಕೇಳಿದವರಿಗೆ: ಬಹಳ ಮಂದಿಗೆ ಸಾಕು. ಆದರೆ ಪೆಟ್ಟಿಗೆ ಒಡೆದು ಹಾಗೇ ಬಳಸಿದರೆ ಅದೂ ಮಾತಾಡುತ್ತಲೇ ಇರುತ್ತದೆ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಪ್ರೊಫೆಸರ್ ಡಗ್ಲಸ್ ಲೀತ್ 2021ರಲ್ಲಿ ಅಳೆದು ನೋಡಿದಾಗ, ಸುಮ್ಮನೆ ಮಲಗಿದ್ದ ಐಫೋನ್, ಆಂಡ್ರಾಯ್ಡ್ ಎರಡೂ ಸರಾಸರಿ ನಾಲ್ಕೂವರೆ ನಿಮಿಷಕ್ಕೊಮ್ಮೆ ತಮ್ಮ ಕಂಪನಿಗೆ ವರದಿ ಒಪ್ಪಿಸುತ್ತಿದ್ದವು. ಐಕ್ಲೌಡ್ ಬ್ಯಾಕಪ್‌ನ ಕೀಲಿಕೈ ನಿಮ್ಮ ಬಳಿ ಮಾತ್ರ ಇರಬೇಕೆಂದರೆ ‘ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್’ ಅನ್ನು ನೀವೇ ಆನ್ ಮಾಡಬೇಕು.

ನಾಲ್ಕು: ‘ಗ್ರ್ಯಾಫೀನ್‌ನಲ್ಲಿ ಬ್ಯಾಂಕಿನ ಆಪ್ ನಡೆಯುವುದಿಲ್ಲ’

ಇದನ್ನು ಅರ್ಧ ಒಪ್ಪುತ್ತೇನೆ. ಫೋನಿನಲ್ಲಿರುವುದು ಗೂಗಲ್ ಮುದ್ರೆ ಒತ್ತಿದ ಓಎಸ್ ಹೌದೋ ಅಲ್ಲವೋ ಎಂದು ಕೆಲವು ಆಪ್‌ಗಳು ತಪಾಸಣೆ ಮಾಡುತ್ತವೆ. ಅಲ್ಲವಾದರೆ ಬಾಗಿಲು ತೆಗೆಯುವುದಿಲ್ಲ. ನನ್ನ ಎರಡು ಬ್ಯಾಂಕುಗಳಲ್ಲಿ ಒಂದರ ಆಪ್ ಹೀಗೇ ಮುಖ ತಿರುಗಿಸಿತು; ಅದರ ಕೆಲಸವನ್ನು ಬ್ರೌಸರಿನಲ್ಲಿ ಮುಗಿಸುತ್ತೇನೆ. ಯುಪಿಐಗೆ ಒಂದೇ ಆಪ್‌ನ ಹಂಗಿಲ್ಲ. ಒಂದು ಓಡದಿದ್ದರೆ ಅದೇ ಖಾತೆಯನ್ನು ಇನ್ನೊಂದು ಆಪ್‌ಗೆ ಜೋಡಿಸಬಹುದು. ಆದರೆ ನಿಮ್ಮ ಸಂಬಳ, ವ್ಯಾಪಾರ ಎಲ್ಲ ಒಂದೇ ಬ್ಯಾಂಕಿನ ಆಪ್ ಮೇಲೆ ನಿಂತಿದ್ದರೆ, ಅದು ನಡೆಯುತ್ತದೋ ಇಲ್ಲವೋ ವಿಚಾರಿಸದೆ ಫೋನಿಗೆ ದುಡ್ಡು ಸುರಿಯಬೇಡಿ. ನಡೆಯದಿದ್ದರೆ ಐಫೋನೇ ವಾಸಿ.

ಐದು: ‘ಗೂಗಲ್ ಪ್ಲೇ ಹಾಕಿಕೊಂಡ ಮೇಲೆ ಎಂಥ ಖಾಸಗಿತನ?’

ಇದು ಪರಿಶುದ್ಧರ ಆಕ್ಷೇಪ. ಮುಕ್ತ ತಂತ್ರಾಂಶಗಳ ಆಪ್ ಅಂಗಡಿ ಎಫ್-ಡ್ರಾಯ್ಡ್‌ನಲ್ಲಿ ಸಿಕ್ಕಿದ್ದಷ್ಟೇ ಬಳಸಬೇಕು, ಉಳಿದದ್ದೆಲ್ಲ ವರ್ಜ್ಯ ಎನ್ನುತ್ತಾರೆ. ನಾನೂ ಆ ವ್ರತ ಹಿಡಿದಿದ್ದೆ. ಹಳೆಯ ಫೋನಿಗೆ ಯಾವುದೋ ಬದಲಿ ಓಎಸ್ ಹಾಕಿ ಭಾನುವಾರಗಳನ್ನೆಲ್ಲ ಅದಕ್ಕೇ ಧಾರೆ ಎರೆದೆ. ಒಂದು ವಾರ ಕ್ಯಾಮೆರಾ ಕೆಡುತ್ತಿತ್ತು, ಇನ್ನೊಂದು ವಾರ ಬ್ಲೂಟೂತ್. ರಾತ್ರಿ ಬಸ್ಸಿನ ಟಿಕೆಟ್ ಮಾಡುವಾಗ ಓಟಿಪಿ ಬರಲೇ ಇಲ್ಲ. ಆರನೆಯ ತಿಂಗಳಿಗೆ ಸುಸ್ತಾಗಿ ಡ್ರಾಯರಿನಲ್ಲಿದ್ದ ಮಾಮೂಲಿ ಫೋನು ತೆಗೆದೆ. ಕೇಳಿದ ಆಪ್‌ಗೆಲ್ಲ ಕೇಳಿದ ಅನುಮತಿ ಕೊಟ್ಟುಬಿಟ್ಟೆ. ನೆಗಡಿಗೆ ಮೂಗು ಕೊಯ್ದುಕೊಂಡ ಕಥೆ ಅದು.

ಗ್ರ್ಯಾಫೀನ್‌ನಲ್ಲಿ ಗೂಗಲ್ ಪ್ಲೇಗೆ ಮನೆಯೊಡೆಯನ ಅಧಿಕಾರವಿಲ್ಲ. ಉಳಿದ ಆಪ್‌ಗಳ ಹಾಗೆ ಅದೂ ಅನುಮತಿ ಬೇಡಿ ನಿಲ್ಲಬೇಕು. ಆಪ್ ಒಂದಕ್ಕೆ ಇಂಟರ್ನೆಟ್ಟನ್ನೇ ನಿರಾಕರಿಸಬಹುದು. ಕನ್ನಡ ಕೀಬೋರ್ಡ್ ನಮ್ಮ ಪ್ರತಿ ಅಕ್ಷರವನ್ನೂ ನೋಡುತ್ತದಲ್ಲ, ನಾನು ಅದಕ್ಕೆ ಇಂಟರ್ನೆಟ್ ಕೊಟ್ಟಿಲ್ಲ. ಒತ್ತಕ್ಷರ ಒಂದೂ ತಪ್ಪಿಲ್ಲ. ಸಂಪರ್ಕ ಪಟ್ಟಿ ಕೇಳುವ ಆಪ್‌ಗೆ ಆಯ್ದ ನಾಲ್ಕು ಹೆಸರುಗಳನ್ನಷ್ಟೇ ತೋರಿಸಬಹುದು. 2024ರ ಐಓಎಸ್ 18ರಿಂದ ಐಫೋನಿನಲ್ಲೂ ಈ ಸೌಲಭ್ಯವಿದೆ. ಇಷ್ಟನ್ನು ಒಮ್ಮೆ ಹೊಂದಿಸಿದ ಮೇಲೆ ತಿಂಗಳುಗಟ್ಟಲೆ ಸೆಟ್ಟಿಂಗ್ಸ್ ಕಡೆ ಹಾಯ್ದಿಲ್ಲ.

ನೂರಕ್ಕೆ ನೂರು ಖಾಸಗಿತನವನ್ನು ಆರು ತಿಂಗಳು ಪಾಲಿಸಿ ಕೈಬಿಡುವುದಕ್ಕಿಂತ, ಎಪ್ಪತ್ತರಷ್ಟನ್ನು ಏಳು ವರ್ಷ ಪಾಲಿಸುವುದು ಮೇಲು. ಬೀಗ ಹಾಕಲು ಕಮ್ಮಾರನಾಗಬೇಕಿಲ್ಲ. ಮನೆಯಲ್ಲಿ ಎಲ್ಲರ ಕೈಗೂ ಒಗ್ಗುವ ಬೀಗ ತಂದರೆ ಸಾಕು.

ಹೊಸ ಫೋನಿಗೆ ದುಡ್ಡಿಲ್ಲ ಎಂದವರಿಗೆ ಕೊನೆಯ ಮಾತು. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲೇ ಇವತ್ತು ರಾತ್ರಿ ಮೂರು ಕೆಲಸ ಮಾಡಿ: ಪ್ರೈವಸಿ ವಿಭಾಗದಲ್ಲಿ ಜಾಹೀರಾತು ಐಡಿಯನ್ನು ಅಳಿಸಿ; ಸಂಪರ್ಕ ಪಟ್ಟಿ ಮತ್ತು ಲೊಕೇಶನ್ ಯಾವ ಯಾವ ಆಪ್‌ಗೆ ಕೊಟ್ಟಿದ್ದೀರಿ ನೋಡಿ, ಬೇಡದವಕ್ಕೆ ಕಿತ್ತುಕೊಳ್ಳಿ; ಆರು ತಿಂಗಳಿಂದ ಮುಟ್ಟದ ಆಪ್‌ಗಳನ್ನು ತೆಗೆದುಹಾಕಿ. ಅರ್ಧ ಗಂಟೆ ಸಾಕು, ಖರ್ಚು ಒಂದು ಪೈಸೆಯೂ ಇಲ್ಲ.