ಗುಡ್ಡದ ದಾರಿಗೂ ಗುದ್ದಲಿಯ ಸೇವೆ



ಭಾನುವಾರ ಬೆಳಗಿನ ಜಾವ ನಂದಿಬೆಟ್ಟದ ಕಡೆಗೆ ಸಾಲಾಗಿ ಹೋಗುವ ಸೈಕಲ್ ಸವಾರರನ್ನು ದೊಡ್ಡಬಳ್ಳಾಪುರ, ದೇವನಹಳ್ಳಿ ಸೀಮೆಯ ಜನ ಬಲ್ಲರು. ಇವರಲ್ಲಿ ಕೆಲವರಿಗೆ ಡಾಂಬರು ರಸ್ತೆ ಸಾಲದು, ಕಲ್ಲುಮಣ್ಣಿನ ಗುಡ್ಡದ ದಾರಿಯೇ ಬೇಕು. ಹೊರದೇಶಗಳಲ್ಲಿ ಇಂಥವರು ಸಾರ್ವಜನಿಕ ಉದ್ಯಾನಗಳಲ್ಲಿ ಕೂಲಿ ಪಡೆಯದೆ, ತಾವೇ ಗುದ್ದಲಿ ಪಿಕಾಸಿ ಹಿಡಿದು ಸೈಕಲ್ ದಾರಿ ಮಾಡುತ್ತಾರೆ. ಇದನ್ನು ಕೇಳಿದ ರಾಜಘಟ್ಟದ ಕಡೆಯ ಹಿರಿಯರೊಬ್ಬರು, "ಬುದ್ಧೀ, ಅದು ಉಂಡು ಹೆಚ್ಚಾದವರ ಆಟ. ಆಟಕ್ಕೆ ಬೆವರು ಸುರಿಸಿದರೆ ಸೇವೆಯಾದೀತೆ?" ಎಂದು ನಮ್ಮನ್ನು ಪ್ರಶ್ನಿಸಿದರು.

ಆದೀತು ಎಂಬುದೇ ನಮ್ಮ ಅಭಿಪ್ರಾಯ. 12ನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕಟ್ಟಿಸಿದ ಕೆರೆ ಇಂದಿಗೂ ಸೊಲ್ಲಾಪುರದಲ್ಲಿದೆ. ಅಲ್ಲಿ ಮಣ್ಣು ಹೊತ್ತವರು ನೀರನ್ನು ತಮ್ಮ ಮನೆಗೆಂದು ಮೀಸಲಿಟ್ಟುಕೊಳ್ಳಲಿಲ್ಲ. ದುಡಿದವನಿಗೂ ದುಡಿಯದವನಿಗೂ ಫಲ ಸಮನಾಗಿ ಸಲ್ಲುವುದಾದರೆ ಅದು ದಾಸೋಹದ ಜಾತಿಗೆ ಸೇರಿದ ಕೆಲಸ. ಗುಡ್ಡದ ದಾರಿಯಲ್ಲಿ ಸೈಕಲ್ಲಿನವನ ಜೊತೆಗೆ ಕುರಿ ಕಾಯುವವನೂ, ಸೌದೆ ಹೊರುವ ತಾಯಿಯೂ ನಿರ್ಭಯವಾಗಿ ನಡೆಯುವಂತಿರಬೇಕು, ಅಷ್ಟೆ. ಒತ್ತಾಯದ ಬಿಟ್ಟಿಗೂ ಮನವೊಪ್ಪಿದ ಶ್ರಮದಾನಕ್ಕೂ ಇರುವ ಅಂತರವನ್ನು ನಮ್ಮ ಹಿರಿಯರಿಗೆ ಹೇಳಿಕೊಡಬೇಕಾಗಿಲ್ಲ. ಹಿಂದೆ ಮನೆಗೊಂದಾಳು ಕೆರೆಯ ಹೂಳಿಗೆ ಹೋಗುತ್ತಿದ್ದ ಊರುಗಳಲ್ಲಿ ಇಂದು ಜೆಸಿಬಿಯ ಬಿಲ್ಲಿಗಾಗಿ ಕಾದು ಕುಳಿತಿದ್ದೇವೆ. ಹೀಗಿರುವ ನಾವು ಗುದ್ದಲಿ ಹಿಡಿದವನನ್ನು ಕಂಡು ನಗುವುದು ಯಾವ ನ್ಯಾಯ?

ಈ ಸವಾರಿ ಹಬ್ಬಿದ್ದು ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಮರಿನ್ ಎಂಬ ಸೀಮೆಯಿಂದ. ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಗುಡ್ಡಕ್ಕೆ ತಳ್ಳಿಕೊಂಡು ಹೋಗಿ ಇಳಿಜಾರಿನಲ್ಲಿ ಬಿಡುತ್ತಿದ್ದ ತರುಣರು 1976ರಲ್ಲಿ ಪಂದ್ಯವನ್ನೂ ಕಟ್ಟಿದರು. ಮುಂದೆ ಕಾಲ್ನಡಿಗೆಯವರೂ ಕುದುರೆಯವರೂ ದೂರಿದ್ದರಿಂದ ಅನೇಕ ದಾರಿಗಳು ಸೈಕಲ್ಲಿಗೆ ಮುಚ್ಚಿಹೋದವು. ಆಗ ಸವಾರರ ಕೂಟಗಳು ಒಂದಾಗಿ 1988ರಲ್ಲಿ ಸಂಘ ಮಾಡಿಕೊಂಡವು. ಹಕ್ಕನ್ನು ಕೇಳುವುದರ ಜೊತೆಗೆ ದಾರಿಯನ್ನು ಕಾಯುವ ಹೊಣೆಯನ್ನೂ ಹೊತ್ತವು. ಹಕ್ಕಿನ ಮಾತನ್ನಷ್ಟೇ ಆಡಿದ್ದರೆ ಅವರ ಮಾತನ್ನು ಯಾರೂ ಕೇಳುತ್ತಿರಲಿಲ್ಲ.

ದಾರಿ ಮಾಡುವ ವಿದ್ಯೆಯೂ ನಮ್ಮ ರೈತನಿಗೆ ಹೊಸತಲ್ಲ. ಗುಡ್ಡದ ನೆತ್ತಿಯಿಂದ ಬುಡಕ್ಕೆ ನೇರವಾಗಿ ಕಡಿದ ದಾರಿ ಒಂದೇ ಮಳೆಗಾಲದಲ್ಲಿ ಕೊರಕಲಾಗುತ್ತದೆ. ಬದು ಹಾಕುವವನಂತೆ ಗುಡ್ಡವನ್ನು ಬಳಸಿಕೊಂಡು ಹೋಗಬೇಕು. ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು. ಒಟ್ಟಾರೆ ನೂರು ಅಡಿಗೆ ಹತ್ತು ಅಡಿ ಏರಿದರೆ ಸಾಕು. ದಾರಿಯ ಹೊರಅಂಚು ತುಸು ತಗ್ಗಾಗಿದ್ದರೆ ನೀರು ದಾರಿಗುಂಟ ಓಡದೆ ಅಡ್ಡಕ್ಕೆ ಹರಿದುಹೋಗುತ್ತದೆ. ಇಷ್ಟನ್ನು ತಿಳಿಯದವನು ಗುಡ್ಡಕ್ಕೆ ಗುದ್ದಲಿ ಹಾಕಬಾರದು. ನಂದಿಯ ಸಾಲಿನಲ್ಲಿ ಹುಟ್ಟುವ ಅರ್ಕಾವತಿಯ ಪಾತ್ರದ ಕೆರೆಗಳು ಈಗಾಗಲೇ ಹೂಳು ತಿಂದಿವೆ. ಗುಡ್ಡದಲ್ಲಿ ಸಡಿಲವಾದ ಮಣ್ಣು ಬಂದು ಕೂರುವುದು ಆ ಕೆರೆಗಳಲ್ಲೇ.

ಅಪ್ಪಣೆಯಿಲ್ಲದೆ ಅಗೆಯುವುದನ್ನಂತೂ ನಾವು ಒಪ್ಪಲಾರೆವು. ಅರಣ್ಯದ ನೆಲದಲ್ಲಿ ಹಾಗೆ ಅಗೆಯುವುದು ಕಾನೂನಿಗೂ ವಿರುದ್ಧ. ಕಾನೂನಿನ ಮಾತು ಹಾಗಿರಲಿ, ರಾಜಘಟ್ಟವನ್ನೇ ನೋಡಿರಿ. 2001ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ವಿದ್ವಾಂಸರು ಅಲ್ಲಿ ಉತ್ಖನನ ನಡೆಸಿದಾಗ ಬೌದ್ಧರ ಚೈತ್ಯ, ವಿಹಾರಗಳ ನೆಲೆಗಟ್ಟೂ, ಹರಕೆಯ ಪುಟ್ಟ ಮಣ್ಣಿನ ಸ್ತೂಪಗಳೂ ಬೆಳಕಿಗೆ ಬಂದವು. ಸಾವಿರ ವರ್ಷಗಳಿಗೂ ಮಿಕ್ಕಿ ಮಣ್ಣೊಳಗಿದ್ದ ಅವು ತಿಳಿದವರ ಕೈಗೆ ಸಿಕ್ಕಿದ್ದರಿಂದ ಉಳಿದವು. ತಿಳಿಯದವನ ಹಾರೆಗೆ ಸಿಕ್ಕಿದ್ದರೆ ಪುಡಿಯಾಗುತ್ತಿದ್ದವು.

ಉಪಕಾರವೆಂದು ಹೊರಟ ಕೆಲಸ ಅತಿಯಾಗುವುದೂ ಉಂಟು. ಬೆಂಗಳೂರಿನ ಕನಕಪುರ ರಸ್ತೆಯ ಕಡೆ ತುರಹಳ್ಳಿ ಕಾಡಿದೆ. ಸೈಕಲ್ಲಿನವರೂ ಬಂಡೆ ಹತ್ತುವವರೂ ಬಹುಕಾಲದಿಂದ ಅಲ್ಲಿಗೆ ಹೋಗುತ್ತಾರೆ. ಅದನ್ನು ವೃಕ್ಷೋದ್ಯಾನ ಮಾಡುವ ಯೋಜನೆ ಬಂದಾಗ, ಕಾಡು ಕಾಡಾಗಿಯೇ ಇರಲಿ ಎಂದು ನಾಗರಿಕರು 2021ರಲ್ಲಿ ಪ್ರತಿಭಟಿಸಿದರು. ಅದೇ ಮಾತು ಸೈಕಲ್ ದಾರಿಗೂ ಸಲ್ಲಬೇಕು. ಒಂದು ಗುಡ್ಡಕ್ಕೆ ಒಂದೆರಡು ದಾರಿ ಸಾಕು, ಹತ್ತು ಬೇಡ.

ಆದಕಾರಣ ಪಟ್ಟಣದ ತರುಣರು ನಿಮ್ಮೂರ ಗುಡ್ಡಕ್ಕೆ ಬಂದರೆ ಬೈದು ಅಟ್ಟಬೇಡಿರಿ. ಅರಣ್ಯ ಇಲಾಖೆಯ ಅಥವಾ ಪಂಚಾಯಿತಿಯ ಒಪ್ಪಿಗೆ ಇದೆಯೇ ಎಂದು ಮೊದಲು ಕೇಳಿರಿ. ಇದ್ದರೆ, ಮಳೆನೀರು ಎಲ್ಲಿ ಇಳಿಯುತ್ತದೆ, ದನದ ಹಾದಿ ಯಾವುದು, ಯಾವ ದಿಬ್ಬವನ್ನು ಮುಟ್ಟಬಾರದು ಎಂಬುದನ್ನು ಕೈಹಿಡಿದು ತೋರಿಸಿರಿ. ಊರಿನ ಹುಡುಗರನ್ನೂ ಜೊತೆಗೆ ಕಳುಹಿಸಿರಿ. ಮುಂಗಾರಿನ ಮೊದಲ ಹದಮಳೆ ಬಿದ್ದು ನೆಲ ಮೆತ್ತಗಾದ ವಾರ ಆ ಕೆಲಸಕ್ಕೆ ತಕ್ಕ ಕಾಲ.