ಗರಸಿನ ಹಾದಿ ಯಾರದು?

ಎರೆ, ಮಸಾರಿ, ಮಡ್ಡಿ, ಗರಸು – ನಮ್ಮ ಸೀಮೆಯ ರೈತನು ನೆಲವನ್ನು ಒಂದೇ ಹೆಸರಿನಿಂದ ಎಂದೂ ಕರೆದವನಲ್ಲ. ಬೆಳೆಯ ದೃಷ್ಟಿಯಿಂದ ಇವುಗಳಲ್ಲಿ ಗರಸಿಗೆ ಕೊನೆಯ ಸ್ಥಾನ. ಆದರೆ ಹಾದಿಯ ದೃಷ್ಟಿಯಿಂದ ಅದಕ್ಕೇ ಮೊದಲ ಮಣೆ. ಮಳೆ ಬಿದ್ದ ಮರುದಿನ ಎರೆಯ ದಾರಿಯಲ್ಲಿ ಕಾಲಿಟ್ಟರೆ ಚಪ್ಪಲಿಗೆ ಸೇರು ಮಣ್ಣು ಅಂಟುತ್ತದೆ; ಗರಸಿನ ದಾರಿ ನೀರನ್ನು ಬಸಿದುಕೊಂಡು ಮಧ್ಯಾಹ್ನದೊಳಗೆ ಗಟ್ಟಿಯಾಗಿರುತ್ತದೆ. ಕರಜಗಿಯಿಂದ ಬಾಲಗಾಂವ, ಭಿವರ್ಗಿಗಳ ಕಡೆಗೆ ಹೊಲಗಳ ನಡುವೆ ಓಡಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಂಥ ಹಾದಿಗಳನ್ನು ಹುಡುಕಿಕೊಂಡು ಹೋಗಿ ಸೈಕಲ್ ತುಳಿಯುವುದು ಇಂದು ಯುರೋಪಿನಲ್ಲಿ ಒಂದು ದೊಡ್ಡ ಹವ್ಯಾಸ. ಅದಕ್ಕೆ ‘ಗ್ರಾವೆಲ್’ ಎಂದೇ ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಗರಸು. ಫ್ರಾನ್ಸಿನ ನಡುನಾಡಿನಲ್ಲಿ ಮೋಟಾರು ಸುಳಿಯದ, ಎರಡೂ ಬದಿಗೆ ಬೇಲಿ ಮತ್ತು ಹುಲ್ಲುಗಾವಲುಗಳಿರುವ ಮಣ್ಣುದಾರಿಗಳಲ್ಲಿ ಜನ ದಿನಗಟ್ಟಲೆ ಸಂಚರಿಸುತ್ತಾರೆ. ಸಂಜೆ ಒಂದು ಹಳ್ಳಿಯಲ್ಲಿ ತಂಗಿ, ಬೆಳಿಗ್ಗೆ ಮುಂದಿನ ಹಳ್ಳಿಗೆ ಹೊರಡುತ್ತಾರೆ. ಅದಕ್ಕೆಂದು ಅವರು ಕೊಳ್ಳುವ ಸೈಕಲ್ಲಿನ ಬೆಲೆ ನಮ್ಮಲ್ಲಿ ಒಂದು ಜೋಡಿ ಎತ್ತಿಗೆ ಸಮ. ಅದರ ವಿಶೇಷವೇನೆಂದು ವಿಚಾರಿಸಿದರೆ, ಮುಖ್ಯವಾದದ್ದು ಅಗಲವಾದ ಟಾಯರು: ಸುಮಾರು 40 ಮಿಲಿಮೀಟರು. ನಮ್ಮ ಹಾಲು ಮಾರುವವನ ಕರಿಯ ಸೈಕಲ್ಲಿಗೆ ಇರುವುದು ಒಂದೂವರೆ ಇಂಚಿನ ಟಾಯರು, ಅಂದರೆ 38 ಮಿಲಿಮೀಟರು. ಎರಡು ಮಿಲಿಮೀಟರಿನ ಅಂತರಕ್ಕಾಗಿ ನಾವು ಹಿಂದುಳಿದವರೆಂದು ಯಾರೂ ತಿಳಿಯಬಾರದು. ಜಾಲಿಮುಳ್ಳಿನ ವಿಷಯದಲ್ಲಂತೂ ನಾವೇ ಮುಂದೆ.

ನನ್ನ ಕುತೂಹಲವಿರುವುದು ಸೈಕಲ್ಲಿನಲ್ಲಿ ಅಲ್ಲ, ಹಾದಿಯಲ್ಲಿ. ಆ ಮಣ್ಣುದಾರಿಗಳು ಅಲ್ಲಿ ಇಂದಿಗೂ ಉಳಿದಿರುವುದು ಹೇಗೆ? ತಾವಾಗಿಯೇ ಉಳಿದವಲ್ಲ. ಫ್ರಾನ್ಸಿನಲ್ಲಿ ಇವುಗಳಿಗೆ ‘ಶೆಮಾಂ ರ್ಯೂರಾಲ್’ ಎಂದರೆ ಗ್ರಾಮೀಣ ಹಾದಿಗಳೆಂಬ ಕಾನೂನಿನ ಹೆಸರಿದೆ. 1881ರ ಆಗಸ್ಟ್ 20ರಷ್ಟು ಹಿಂದೆಯೇ ಇವುಗಳಿಗಾಗಿ ಒಂದು ಶಾಸನವಾಗಿತ್ತು. ಹಾದಿ ಗ್ರಾಮಸಂಸ್ಥೆಯ ಆಸ್ತಿ, ಬಳಕೆ ಸಾರ್ವಜನಿಕರದು. ಆದರೆ ಎರಡನೆಯ ಮಹಾಯುದ್ಧದ ತರುವಾಯ ಚಿಕ್ಕ ಹೊಲಗಳನ್ನು ಕೂಡಿಸಿ ದೊಡ್ಡದು ಮಾಡುವ ಸರಕಾರಿ ಕಾರ್ಯಕ್ರಮ ನಡೆದಾಗ ಅಸಂಖ್ಯ ಹಾದಿಗಳು ನೇಗಿಲಿನ ಕೆಳಗೆ ಹೋದವು. ಪಕ್ಕದ ಹೊಲದವನು ಮೂವತ್ತು ವರ್ಷ ಒತ್ತಿ ಉತ್ತುಕೊಂಡು ಬಂದರೆ ಹಾದಿ ಅವನದೇ ಆಗುವ ಸಂಭವವೂ ಅಲ್ಲಿತ್ತು. ಜನ ಬಳಸುವುದನ್ನು ಬಿಟ್ಟ ಹಾದಿಯನ್ನು ಗ್ರಾಮಸಂಸ್ಥೆ ವಿಚಾರಣೆ ನಡೆಸಿ ಮಾರಬಹುದು. ಆದರೆ ವಿಚಾರಣೆ ಆರಂಭವಾದ ಎರಡು ತಿಂಗಳೊಳಗೆ ಸಂಬಂಧಪಟ್ಟವರು ಸಂಘ ಕಟ್ಟಿಕೊಂಡು ‘ಇದರ ನಿರ್ವಹಣೆ ನಮ್ಮದು’ ಎಂದು ಮುಂದೆ ಬಂದರೆ ಮಾರುವಂತಿಲ್ಲ. 1983ರ ಜುಲೈ 22ರ ಕಾನೂನು ಪ್ರತಿ ಜಿಲ್ಲೆಗೂ ನಡೆಹಾದಿಗಳ ಒಂದು ಅಧಿಕೃತ ಯಾದಿಯನ್ನು ಮಾಡಲು ದಾರಿ ತೆರೆಯಿತು. ಯಾದಿಯಲ್ಲಿ ಸೇರಿದ ಹಾದಿಯನ್ನು ಬದಲಿ ಹಾದಿ ತೋರಿಸದೆ ಮಾರಿದರೆ ಆ ಮಾರಾಟ ಅಸಿಂಧು. 2022ರ ಫೆಬ್ರವರಿ 21ರ ಕಾನೂನಂತೂ, ಗ್ರಾಮಸಂಸ್ಥೆ ಹಾದಿಗಳ ಗಣತಿಗೆ ನಿರ್ಧರಿಸಿದರೆ ಗಣತಿ ಮುಗಿಯುವ ತನಕ ಒತ್ತುವರಿದಾರನ ಕಾಲಗಣನೆಯನ್ನೇ ತಡೆಹಿಡಿಯುತ್ತದೆ. ಸೈಕಲ್ ತುಳಿಯುವವನು ಅಲ್ಲಿ ಕೇವಲ ವಿಹಾರಿಯಲ್ಲ. ಹಾದಿ ಬಳಕೆಯಲ್ಲಿದೆ ಎಂಬುದಕ್ಕೆ ಅವನು ನಡೆದಾಡುವ ಸಾಕ್ಷಿ.

ಈಗ ಜತ್ತ ತಾಲೂಕಿಗೆ ಬರೋಣ. ನಮ್ಮ ಪ್ರತಿ ಊರಿಗೂ ಒಂದು ಗ್ರಾಮ ನಕಾಶೆಯಿದೆ. ಅದರಲ್ಲಿ ಒಂದೇ ತುಂಡುಗೆರೆಯಿದ್ದರೆ ಅದು ಪಾಯವಾಟ, ಕಾಲುದಾರಿ. ಎರಡು ಸಮಾನಾಂತರ ತುಂಡುಗೆರೆಗಳಿದ್ದರೆ ಗಾಡಿವಾಟ. ಕಾಲುದಾರಿಗೆ 8¼ ಅಡಿ, ಗಾಡಿವಾಟಕ್ಕೆ 16½ರಿಂದ 21 ಅಡಿ ಅಗಲ. ಈ ಕಾಲು-ಅರ್ಧ ಅಡಿಗಳು ಎಲ್ಲಿಂದ ಬಂದವೆಂದು ಮಕ್ಕಳು ಕೇಳಿದರೆ ಒಂದು ಲೆಕ್ಕ ಹೇಳಿಕೊಡಿ: ಗುಂಟೆಯ ಒಂದು ಬದಿ 33 ಅಡಿ, ಅದರ ಅರ್ಧ 16½, ಕಾಲು 8¼. ಹೀಗೆ ನಕಾಶೆಯಲ್ಲಿ ಹದಿನಾರೂವರೆ ಅಡಿಯಿರುವ ಗಾಡಿವಾಟ ನೆಲದ ಮೇಲೆ ಎಷ್ಟಿದೆ? ಅನೇಕ ಕಡೆ ಒಂದು ಸೈಕಲ್ ಹೋಗುವಷ್ಟು. ವರ್ಷಕ್ಕೆ ಒಂದೊಂದು ಸಾಲು ನೇಗಿಲು ಒಳಗೆ ಸರಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಜಗಳಕ್ಕೆ ಕಾರಣವಾಗುವಷ್ಟು ದೊಡ್ಡ ಅಪರಾಧ ಯಾವ ವರ್ಷವೂ ನಡೆದಿರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಹೊಲದ ವಸ್ತಿಯಲ್ಲಿ ಮನೆ ಮಾಡಿಕೊಂಡಿದ್ದ ಒಂದು ಕುಟುಂಬ ನನ್ನ ಬಳಿ ಬಂದಿತ್ತು. ಊರು ಬೇಡ, ಹೆಸರೂ ಬೇಡ. ಅವರ ಇಬ್ಬರು ಹೆಣ್ಣುಮಕ್ಕಳು ಊರಿನ ಕನ್ನಡ ಶಾಲೆಗೆ ಒಂದೇ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದ ಹಾದಿಗೆ, ಕೈ ಬದಲಾದ ಪಕ್ಕದ ಹೊಲದ ಹೊಸ ಮಾಲೀಕರು ದಾಳಿಂಬೆ ನಾಟಿ ಮಾಡಿ ತಂತಿ ಹಾಕಿಸಿದ್ದರು. ಉಳಿದದ್ದು ಡಾಂಬರು ರಸ್ತೆ: ಮೂರು ಪಟ್ಟು ದೂರ, ಮೇಲಾಗಿ ಕಬ್ಬಿನ ಟ್ರ್ಯಾಕ್ಟರುಗಳ ಓಡಾಟ. ಹಿರಿಯ ಮಗಳನ್ನು ಶಾಲೆ ಬಿಡಿಸುವ ಮಾತು ಮನೆಯಲ್ಲಿ ನಡೆದಿತ್ತು. ‘ತಂತಿ ಹಾಕಿ ಎಷ್ಟು ದಿನವಾಯಿತು?’ ಎಂದು ಕೇಳಿದೆ. ‘ಹೋದ ದೀಪಾವಳಿಗೆ’ ಎಂದರು. ಅವರು ಬಂದದ್ದು ಆಷಾಢದಲ್ಲಿ. ಎಂಟು ತಿಂಗಳು ಕಳೆದಿದ್ದವು.

ಈ ತಿಂಗಳುಗಳ ಲೆಕ್ಕ ಯಾಕೆ ಮುಖ್ಯವೆಂದರೆ, ಮುಂಬಯಿ ಇಲಾಖೆಯ ಕಾಲದಿಂದ ಬಂದ 1906ರ ಮಾಮಲೇದಾರರ ನ್ಯಾಯಾಲಯ ಕಾಯದೆಯ 5ನೆಯ ಕಲಮಿನಂತೆ, ಹೊಲಕ್ಕೆ ಹೋಗುವ ರಸ್ತೆ ಅಥವಾ ರೂಢಿಯ ಹಾದಿಗೆ ಅಡ್ಡಿ ಮಾಡಿದವರ ಮೇಲೆ ತಹಶೀಲದಾರರು ತಡೆಯಾಜ್ಞೆ ಕೊಡಬಹುದು. ಆದರೆ ಅಡ್ಡಿಯಾದ ದಿನದಿಂದ ಆರು ತಿಂಗಳೊಳಗೆ ದಾವೆ ಬರಬೇಕು. ಅಗ್ಗದ, ಶೀಘ್ರವಾದ ಪರಿಹಾರವಿದು, ಅದೇ ಕೈತಪ್ಪಿತ್ತು. ಇನ್ನುಳಿದದ್ದು 1966ರ ಮಹಾರಾಷ್ಟ್ರ ಭೂಕಂದಾಯ ಸಂಹಿತೆಯ 143ನೆಯ ಕಲಮು. ಜಮೀನಿಗೆ ಹೋಗಲು ಬೇರೆಯವರ ಸರ್ವೆ ನಂಬರಿನ ಗಡಿಯ ಮೇಲಿಂದ ದಾರಿ ಬೇಕಾದವರು ತಹಶೀಲದಾರರಿಗೆ ಅರ್ಜಿ ಕೊಡಬಹುದು. ಅವರ ನಿರ್ಣಯ ಒಪ್ಪಿಗೆಯಾಗದವರು ಒಂದು ವರ್ಷದೊಳಗೆ ದಿವಾಣಿ ನ್ಯಾಯಾಲಯಕ್ಕೆ ಹೋಗಬಹುದು. ಆ ಕುಟುಂಬಕ್ಕೆ ಗಡಿಯ ಬದುವಿನ ಮೇಲಿಂದ ಒಂದು ದಾರಿ ದೊರೆಯಿತು. ಮೊದಲಿನಷ್ಟು ನೇರವಲ್ಲ, ಒಂದು ಹಳ್ಳ ಸುತ್ತಿ ಹೋಗುತ್ತದೆ. ದೊರೆಯುವಷ್ಟರಲ್ಲಿ ಹಿರಿಯ ಮಗಳ ಎಂಟನೆಯ ತರಗತಿ ಮುಗಿದಿತ್ತು, ಬಹಳಷ್ಟು ದಿನ ಗೈರುಹಾಜರಿಯಲ್ಲಿ.

ಎಂಟು ತಿಂಗಳು ಅವರು ಸುಮ್ಮನಿದ್ದುದಕ್ಕೆ ಆಲಸ್ಯ ಕಾರಣವಲ್ಲ. ಅರ್ಜಿ, ನೋಟೀಸು, ಪಂಚನಾಮೆ, ಸಾತಬಾರಾ ಉತಾರೆ ಎಲ್ಲವೂ ಮರಾಠಿಯಲ್ಲಿ. ತಂದೆ ಓದಿದ್ದು ಕನ್ನಡ ನಾಲ್ಕನೆಯತ್ತೆ. ಯಾರನ್ನು ಕೇಳಬೇಕೆಂದು ತಿಳಿಯದೆ ಮೊದಲು ಮಾಲೀಕರನ್ನು, ಆಮೇಲೆ ಊರಿನ ಹಿರಿಯರನ್ನು ಕೇಳುತ್ತ ಕಾಲ ಹೋಯಿತು. ಗಡಿಯಲ್ಲಿರುವವರ ಪಾಡೇ ಹೀಗೆ. 2006-07ರಲ್ಲಿ ಕರ್ನಾಟಕ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲಾರಂಭಿಸಿದಾಗ, ಚಡಚಣದ ಕಡೆಯ ಶಾಲೆಗಳಿಗೆ ಬಂದ ಸೈಕಲ್ಲು ಈಚೆಯ ಕನ್ನಡ ಶಾಲೆಗಳಿಗೆ ಬರಲಿಲ್ಲ. ಬರುವಂತೆಯೂ ಇರಲಿಲ್ಲ, ರಾಜ್ಯ ಬೇರೆ. ಅದನ್ನು ನಾನು ದೂರುವುದಿಲ್ಲ. ಸೈಕಲ್ಲನ್ನು ದುಡಿದು ಕೊಳ್ಳಬಹುದು. ಹಾದಿಯನ್ನು ಹಾಗೆ ಕೊಳ್ಳಲಾಗದು.

ಆದ್ದರಿಂದ ಪಾಲಕರಲ್ಲಿ ಒಂದು ಸೂಚನೆ. ಹಿಂಗಾರಿ ಬಿತ್ತನೆ ಮುಗಿದು ನೆಲ ಗಟ್ಟಿಯಾದ ಮೇಲೆ, ಒಂದು ರವಿವಾರ ಮಕ್ಕಳನ್ನು ಕರೆದುಕೊಂಡು ಊರಿನ ಹಳೆಯ ಹಾದಿಗಳಲ್ಲಿ ಸೈಕಲ್ ಮೇಲೆ ಸುತ್ತಿಬನ್ನಿ. ಬೋರ ನದಿಯ ಸೀಮೆಯ ಎರೆಯ ದಾರಿಗಳನ್ನು ಮಳೆಗಾಲದಲ್ಲಿ ಬಿಟ್ಟುಬಿಡಿ. ಮಡ್ಡಿಯ ಮೇಲಿನ ಗರಸಿನವು ಎಂದಿಗೂ ನಡೆಯುತ್ತವೆ. ಗುಡ್ಡಾಪುರದ ದಾನಮ್ಮನ ಜಾತ್ರೆಗೆ ನಡೆದು ಹೋಗುವವರು ಹಿಡಿಯುತ್ತಿದ್ದ ಒಳದಾರಿಗಳನ್ನು ಮನೆಯ ಹಿರಿಯರಿಂದ ಕೇಳಿ ತಿಳಿದುಕೊಳ್ಳಿ, ಅವರು ಇರುವಾಗಲೇ. ಗಾಳಿ ತುಸು ಕಡಿಮೆ ಹಾಕಿದರೆ ಹಳೆಯ ಸೈಕಲ್ಲೂ ಗರಸಿನ ಮೇಲೆ ಜಾರುವುದಿಲ್ಲ. ಪಂಕ್ಚರಿನ ಸಾಮಾನು ಮರೆಯಬೇಡಿ.

ಹೊರಡುವ ಮೊದಲು ಜತ್ತದ ಭೂಮಿ ಅಭಿಲೇಖ ಕಚೇರಿಯಿಂದ ಗ್ರಾಮ ನಕಾಶೆಯ ಒಂದು ಪ್ರತಿ ತೆಗೆದುಕೊಳ್ಳಿ. ಯಾವ ತುಂಡುಗೆರೆ ನೆಲದ ಮೇಲೆ ಇದೆ, ಯಾವುದು ಇಲ್ಲ, ಎಲ್ಲಿ ತಂತಿ ಬಿದ್ದಿದೆ, ಯಾವ ತಿಂಗಳಲ್ಲಿ ಬಿದ್ದಿತು ಎಂಬುದನ್ನು ಮಗಳ ಕೈಯಲ್ಲೇ ಅದರ ಮೇಲೆ ಬರೆಯಿಸಿ, ತಾರೀಖು ಬಿಡಬಾರದು. ನಕಾಶೆಯ ಅಕ್ಷರ ಮರಾಠಿಯಲ್ಲಿರುತ್ತದೆ. ಕನ್ನಡ ಶಾಲೆಯಲ್ಲಿ ಮರಾಠಿಯನ್ನೂ ಕಲಿಯುವ ಮಗು ಅದನ್ನು ಅಪ್ಪನಿಗಿಂತ ಬೇಗ ಓದಿ ಹೇಳುತ್ತದೆ.