ಅತಿಥಿ ಬರೋತನಕ ಕಂಬದ ಮೇಲೆ

ಚಿಯರ್‌ಲೀಡಿಂಗ್ ಅಂದ ಕೂಡಲೇ ನಮ್ಮ ಆಫೀಸಿನ ಅರ್ಧ ಜನಕ್ಕೆ 2008ರ ಚಿನ್ನಸ್ವಾಮಿ ಸ್ಟೇಡಿಯಂ ನೆನಪಾಗುತ್ತೆ. ಐಪಿಎಲ್‌ನ ಮೊದಲ ಮ್ಯಾಚು, ಅಮೆರಿಕದಿಂದ ಬಂದ ಕುಣಿಯೋ ಹುಡುಗಿಯರು, ಮರುದಿನ ಸಂಸ್ಕೃತಿ ಹಾಳಾಯ್ತು ಅನ್ನೋ ಗಲಾಟೆ. ಅದಕ್ಕೇ, ಮಗಳನ್ನ ಸ್ಪರ್ಧಾತ್ಮಕ ಚಿಯರ್‌ಲೀಡಿಂಗ್ ಕ್ಲಾಸಿಗೆ ಸೇರಿಸಿದೀನಿ ಅಂತ ಸಹೋದ್ಯೋಗಿಯೊಬ್ಬರು ಹೇಳಿದಾಗ ಲಂಚ್ ಟೇಬಲ್ಲಿನಲ್ಲಿ ಎಲ್ಲರೂ ಒಂಥರಾ ನಕ್ಕರು. ಒಬ್ಬ ಮಹಾನುಭಾವ ನನ್ನ ಕಡೆ ತಿರುಗಿ, "ನಿಮ್ಮ ಕಡೆ ಮಲ್ಲಕಂಬ ಇದೆಯಲ್ಲ, ಅದು ನೋಡಿ ನಮ್ಮ ಪರಂಪರೆ" ಅಂದ.

ಈ ಮಾತು ಕೇಳಿದ್ರೆ ನನಗ ಸಿಟ್ಟು ಬರ್ತದ.

ನಾನು ಶಿರಹಟ್ಟಿ ಸೀಮೆಯ ಹಳ್ಳಿಯವನು. ಲಕ್ಷ್ಮೇಶ್ವರದ ಕಡೆ ಮಲ್ಲಕಂಬ ಹತ್ತೋ ಹುಡುಗರನ್ನ ಸಣ್ಣವನಿದ್ದಾಗಿಂದ ನೋಡೀನಿ. ಸಾಗವಾನಿ ಇಲ್ಲಾ ಬೀಟೆ ಕಂಬ, ನೆಲದಿಂದ ಸುಮಾರು ಎಂಟೂವರೆ ಅಡಿ, ಮೈಗೆಲ್ಲ ಔಡಲೆಣ್ಣೆ. ಅದರ ತುದಿಯಲ್ಲಿ ಕಾಲ್ಬೆರಳ ಹಿಡಿತದ ಮೇಲೆ ಹತ್ತು ವರ್ಷದ ಪೋರ ನಿಂತಿರ್ತಾನೆ. ಪರಂಪರೆ ಹೌದು, ಯಾರು ಇಲ್ಲ ಅಂದ್ರು? ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಿ, 12ನೇ ಶತಮಾನದಲ್ಲೇ, ಮಲ್ಲರ ಕಂಬದ ಪ್ರಸ್ತಾಪ ಇದೆ. ಲಕ್ಷ್ಮೇಶ್ವರ, ಅಂದಿನ ಪುಲಿಗೆರೆ, ಅದೇ ರಾಜ್ಯದೊಳಗಿತ್ತು. ಆದರೆ ಸೋಮೇಶ್ವರ ಬಂದು ಈ ಹುಡುಗನ ಕಂಬದ ಕೆಳಗೆ ಮ್ಯಾಟ್ ಹಾಸೋದಿಲ್ಲವಲ್ಲ ಸ್ವಾಮಿ!

ಚಿಯರ್‌ಲೀಡಿಂಗನ್ನು ನೋಡಿ ನಗುವವರು ಅದರ ಕತೆ ಓದಬೇಕು. 1898ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯದಲ್ಲಿ ಅದನ್ನು ಶುರು ಮಾಡಿದ್ದು ಗಂಡಸರು. ಆಮೇಲೆ ಹೆಣ್ಣುಮಕ್ಕಳು ಬಂದರು, ಲಾಗ ಬಂತು, ಒಬ್ಬರ ಹೆಗಲ ಮೇಲೊಬ್ಬರು ನಿಲ್ಲೋ ಪಿರಮಿಡ್ ಬಂತು. ಗಾಯಗಳೂ ಬಂದವು. ಅಮೆರಿಕದ ಹೈಸ್ಕೂಲು, ಕಾಲೇಜು ಹುಡುಗಿಯರಿಗೆ ಆದ ಅತಿ ಗಂಭೀರ ಕ್ರೀಡಾ ಗಾಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದರಿಂದಲೇ ಆಗಿದ್ದು ಅಂತ ಅಲ್ಲಿನ ದಾಖಲೆಗಳೇ ಹೇಳ್ತವೆ. 2006ರಲ್ಲಿ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಒಬ್ಬ ಕಾಲೇಜು ಹುಡುಗಿ ಮೇಲಿಂದ ಬಿದ್ದಳು. ಅದಾದ ಮೇಲೆ, ಗಟ್ಟಿ ನೆಲದ ಮೇಲೆ ಹುಡುಗಿಯರನ್ನು ಮೇಲಕ್ಕೆ ಎಸೆಯೋ ಹಾಗಿಲ್ಲ ಅಂತ ಕಾಲೇಜುಗಳಿಗೆ ನಿಯಮ ಬಂತು. 2010ರಲ್ಲಿ ಅಲ್ಲಿನ ಒಬ್ಬ ನ್ಯಾಯಾಧೀಶರು, ಕಾಲೇಜಿನ ಲೆಕ್ಕಕ್ಕೆ ಇದು ಇನ್ನೂ ಕ್ರೀಡೆ ಆಗಿಲ್ಲ ಅಂದರು. ಅವರು ಬಿಡಲಿಲ್ಲ, 2021ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯಿಂದ ಅವರ ಒಕ್ಕೂಟಕ್ಕೆ ಪೂರ್ಣ ಮಾನ್ಯತೆ ಸಿಕ್ಕಿತು. ಬೇರೆಯವರ ಆಟಕ್ಕೆ ಜೈ ಅನ್ನೋಕೆ ಹುಟ್ಟಿದ್ದು, ತನ್ನದೇ ಆಟ ಆಯ್ತು.

ನಮ್ಮ ಮಲ್ಲಕಂಬ ನಡೆದದ್ದು ಉಲ್ಟಾ ದಾರಿ. ಆಟವಾಗಿದ್ದದ್ದು ಯಾರದೋ ಸ್ವಾಗತಕ್ಕೆ ಅಲಂಕಾರ ಆಗಿದೆ. ಜನವರಿ 26, ಆಗಸ್ಟ್ 15, ನವೆಂಬರ್ 1, ಉತ್ಸವ, ಮೆರವಣಿಗೆ. ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಕಂಬ ಬಿಗಿದು, ಓಡೋ ಗಾಡಿಯಲ್ಲೇ ಹುಡುಗರನ್ನ ಹತ್ತಿಸೋದನ್ನ ನಾನು ಕಣ್ಣಾರೆ ನೋಡೀನಿ. ನನ್ನ ಅಕ್ಕನ ಮಗಳು ಹಗ್ಗದ ಮಲ್ಲಕಂಬ ಮಾಡ್ತಾಳೆ. ಒಂದು ಕಾರ್ಯಕ್ರಮಕ್ಕೆ ಅವರನ್ನೆಲ್ಲ ಬೆಳಿಗ್ಗೆ ಎಂಟಕ್ಕೆ ಕರೆದು ನಿಲ್ಲಿಸಿದರು. ಮುಖ್ಯ ಅತಿಥಿ ಬಂದದ್ದು ಹನ್ನೊಂದೂವರೆಗೆ. ಮೂರೂವರೆ ತಾಸು ಬಿಸಿಲಾಗ ನಿಂತು ಮೈ ಬಿಗಿದುಹೋದ ಮಕ್ಕಳು, ಕೆಳಗ ಬರೀ ಎರಿ ನೆಲ. ಮುಂಡರಗಿ ಆಗಲಿ ಶಿರಹಟ್ಟಿ ಆಗಲಿ, ಬೇಸಿಗೆಯ ಎರಿ ಭೂಮಿ ಕಾಂಕ್ರೀಟಿಗಿಂತ ಕಡಿಮೆ ಏನಲ್ಲ, ಬಿದ್ದು ನೋಡ್ರಿ. ಮುಗಿದ ಮೇಲೆ ಮಕ್ಕಳಿಗೆ ಒಂದು ಬಾಳೆಹಣ್ಣು, ಒಂದು ಪ್ಲಾಸ್ಟಿಕ್ ಫಲಕ. ಅತಿಥಿಗಳು ಮಾತ್ರ ಭಾಷಣದಲ್ಲಿ "ನಮ್ಮ ಹೆಮ್ಮೆ" ಅಂದರು.

ದಾರಿಯೇ ಇಲ್ಲ ಅಂತೇನಿಲ್ಲ. ಮಧ್ಯಪ್ರದೇಶ 2013ರಲ್ಲೇ ಮಲ್ಲಕಂಬವನ್ನು ರಾಜ್ಯ ಕ್ರೀಡೆ ಅಂತ ಘೋಷಿಸಿತು, 2020ರಲ್ಲಿ ಉಜ್ಜಯಿನಿಯ ಕೋಚ್ ಯೋಗೇಶ್ ಮಾಳವೀಯರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂತು. ಅದೇ ವರ್ಷ ಕೇಂದ್ರ ಸರ್ಕಾರಿ ನೇಮಕಾತಿಯ ಕ್ರೀಡಾ ಕೋಟಾದ ಪಟ್ಟಿ 43ರಿಂದ 63ಕ್ಕೆ ಏರಿದಾಗ ಮಲ್ಲಕಂಬವೂ ಅದರೊಳಗೆ ಸೇರಿತು. 2022ರ ಖೇಲೋ ಇಂಡಿಯಾ ಯೂತ್ ಗೇಮ್ಸ್, ಗುಜರಾತಿನ ರಾಷ್ಟ್ರೀಯ ಕ್ರೀಡಾಕೂಟ, ಎರಡರಲ್ಲೂ ಇತ್ತು. ಅಂದ್ರೆ ಇದರಿಂದ ನೌಕರಿ ಸಿಗಬಹುದು. ಈ ಸುದ್ದಿ ನಮ್ಮ ಹಳ್ಳಿಯ ಎಷ್ಟು ತಂದೆತಾಯಿಗಳಿಗೆ ಗೊತ್ತು? ಗದಗ-ಬೆಟಗೇರಿ ಅಂದ್ರೆ ಸೈಕ್ಲಿಂಗು, ಹಾಕಿ ಅಂತ ಎಲ್ಲರಿಗೂ ಗೊತ್ತು, ಯಾಕಂದ್ರೆ ಅಲ್ಲಿ ಮೆಡಲಿನಿಂದ ನೌಕರಿತನಕ ನಡೆದು ತೋರಿಸಿದವರು ಇದಾರೆ.

ಹೆಣ್ಣುಮಕ್ಕಳ ವಿಷಯ ಬೇರೆಯೇ. ನಾಗರಪಂಚಮಿಗೆ ಬೇವಿನ ಮರಕ್ಕೆ ಹಗ್ಗ ಕಟ್ಟಿ, ಮುಗಿಲು ಮುಟ್ಟೋಹಂಗ ಜೋಕಾಲಿ ಜೀಕಿದ ಅಜ್ಜಿಯರೇ, ಹನ್ನೆರಡು ತುಂಬಿದ ಮೊಮ್ಮಗಳಿಗೆ "ಇನ್ನ ಹಗ್ಗ ಸಾಕು, ಮಂದಿ ನೋಡ್ತಾರ" ಅಂತಾರೆ. ಆ ಮಂದಿ ಯಾರು ಅಂತ ಇಲ್ಲಿತನಕ ಯಾರೂ ತೋರಿಸಿಲ್ಲ. ಬೆಂಗಳೂರಿನಲ್ಲಿ ನನ್ನ ಸಹೋದ್ಯೋಗಿಯ ಮಗಳಿಗೂ ಇದೇ ಮಂದಿಯ ಕಾಟ, ಇಂಗ್ಲಿಷಿನಲ್ಲಿ.

ಅದಕ್ಕೇ ಆ ಮಹಾನುಭಾವನಿಗೆ ಹೇಳಿದೆ: ಚಿಯರ್‌ಲೀಡಿಂಗಿಗೆ ಬೈಯೋಕೆ ನಮ್ಮೂರ ಕಂಬ ಬಳಸಬೇಡ. ನಿನ್ನ ಮಕ್ಕಳಿಗೆ ಎಲ್ಲಿ ಮ್ಯಾಟು, ತರಬೇತಿಯಾದ ಕೋಚು, ವಿಮೆ ಇದೆಯೋ ನೀನು ಅಲ್ಲಿಗೇ ಕಳಿಸ್ತೀಯ, ಕಳಿಸಬೇಕಾದ್ದೇ. ನಮ್ಮೂರ ಮಕ್ಕಳಿಗೆ ಮಾತ್ರ ಯಾಕೆ ಬರೀ ಪರಂಪರೆ?

ಊರಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಈ ಸಲವೂ ಜಾತ್ರೆಯ ಸ್ವಾಗತ ಕಮಾನಿಗೆ ಚಂದಾ ಎತ್ತೋದು ಶುರುವಾಗಿದೆ. ಬೆಂಗಳೂರಲ್ಲಿರೋ ನಮ್ಮಂಥ ಇಂಜಿನಿಯರುಗಳ ಹೆಸರು ಮೊದಲು, ಮೊತ್ತ ಅವರೇ ಬರೆದಿದಾರೆ. ಕಮಾನಿಗೆ ನಾನು ಕೊಡೋದಿಲ್ಲ. ಮ್ಯಾಟಿಗೆ, ಕೋಚಿನ ತಿಂಗಳ ಸಂಬಳಕ್ಕೆ ಅಂದ್ರೆ ಅದರ ಎರಡು ಪಟ್ಟು ಕೊಡ್ತೀನಿ, ರಸೀದಿ ಬೇಕು.